ಪೊನಿರಾಳನ್ನು ಕುರ್ಚಿಯ ಮೇಲೆ ಕೂರಿಸಿದ್ದು

ಕೆಡುಂಗ್‌ಸಾರಿ,
೧೬ ಅಕ್ಟೋಬರ್ ೨೦೧೪, ಗುರುವಾರ ಪೊನ್

ಪ್ರೀತಿಯ ಗೆಂಡುಕ್, ನನ್ನ ಮಗಳೇ ನಿಂಗ್ರುಮ್,

ಅಲ್ಲಾಹನ ದಯೆಯಿಂದ ನೀನು ಸೌಖ್ಯವಾಗಿರುವೆ ಎಂದು ನಂಬಿ ಬರೆಯುತ್ತಿದ್ದೇನೆ. ತೈವಾನಿನಲ್ಲಿ ಈಗಾಗಲೇ ಚಳಿ ಹಿಡಿದಿರಬೇಕು. ಹೋದ ವರ್ಷ ಇದೇ ಹೊತ್ತಿಗೆ ನಿನಗೆ ಕೆಮ್ಮು ಬಂದು ತಿಂಗಳುಗಟ್ಟಲೆ ಬಿಡಲಿಲ್ಲ. ಕಾಲುಚೀಲ ಹಾಕಿಕೊಂಡು ಮಲಗು, ಬೆಳಗ್ಗೆ ಎದ್ದ ಕೂಡಲೇ ಶುಂಠಿ ಜಜ್ಜಿ ಬಿಸಿನೀರಿಗೆ ಹಾಕಿ ಕುಡಿ. ನೀನು ನೋಡಿಕೊಳ್ಳುವ ಆ ಮುದುಕಿ, ಆಮಾ, ಹೇಗಿದ್ದಾಳೆ? ಈಗಲೂ ಗಂಜಿಯ ಬಟ್ಟಲು ಎಸೆಯುತ್ತಾಳೆಯೇ? ಕೈ ಚಿವುಟುವುದು ಬಿಟ್ಟಳೇ? ಹೋದ ಸಲ ಫೋನಿನಲ್ಲಿ ನೀನು ಅತ್ತದ್ದು ನನಗಿನ್ನೂ ಕಿವಿಯಲ್ಲೇ ಇದೆ. "ಎಲ್ಲಾ ನಾನೇ ಮಾಡ್ತೀನಮ್ಮ, ಅವಳ ಕೈಗೆ ಒಂದು ಕೆಲಸ ಬಿಡಲ್ಲ, ಚಮಚ ಕೂಡ ನಾನೇ ಹಿಡೀತೀನಿ, ಆದ್ರೂ ನನ್ನ ಕಂಡ್ರೆ ಉರಿದು ಬೀಳ್ತಾಳೆ" ಎಂದೆಯಲ್ಲ. ಮುದುಕಿ ಹೀಗೇ ಊಟ ಬಿಟ್ಟರೆ ಅವಳ ಸೊಸೆ ಏಜೆನ್ಸಿಗೆ ಹೇಳಿ ನಿನ್ನನ್ನು ಬದಲಾಯಿಸುತ್ತಾಳಂತೆ. ಅದೊಂದು ಯೋಚನೆ ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ನನ್ನ ವಿಷಯ ಕೇಳಿದರೆ, ಮಂಡಿನೋವು ಇದ್ದಲ್ಲೇ ಇದೆ. ಕೂತರೆ ಏಳಲು ಬರುವುದಿಲ್ಲ, ಎದ್ದರೆ ಕೂರಲು ಬರುವುದಿಲ್ಲ. ಉಳಿದಂತೆ ಚೆನ್ನಾಗಿದ್ದೇನೆ.

ಚೆನ್ನಾಗಿದ್ದೇನೆ ಎಂದು ಬರೆದೆ, ಆದರೆ ಸಿಟ್ಟಿನಲ್ಲಿದ್ದೇನೆ. ನಿನ್ನ ಮೇಲೆಯೇ ಸಿಟ್ಟು. ಲೆಬಾರಾನ್ ಹಬ್ಬ ಮುಗಿದಾಗಿನಿಂದ ಈ ಸಿಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಾನು ದನಿ ಏರಿಸಿದ ಕೂಡಲೇ "ಅಮ್ಮಾ, ಸಿಗ್ನಲ್ ಸರಿಯಿಲ್ಲ" ಎಂದು ಇಟ್ಟುಬಿಡುತ್ತೀ. ಸಿಗ್ನಲ್ ಎಂಬುದು ನಾನು ಬೈಯುವಾಗ ಮಾತ್ರ ಕೆಡುತ್ತದೆಯೇ? ಅದಕ್ಕೇ ಕನ್ನಡಕ ಹಾಕಿಕೊಂಡು, ನಿನ್ನ ಹಳೆಯ ಶಾಲೆಯ ಪುಸ್ತಕದಿಂದ ಹಾಳೆ ಹರಿದುಕೊಂಡು ಕೂತಿದ್ದೇನೆ. ಕಾಗದದ ಬಾಯಿ ಮುಚ್ಚಲು ನಿನ್ನಿಂದಾಗದು. ಓದದೆ ಮಡಿಚಿಟ್ಟರೆ ನಿನ್ನಪ್ಪನ ಮೇಲಾಣೆ. ಪೂರ್ತಿ ಓದು.

ಹಬ್ಬದ ಬೆನ್ನಿಗೇ ಬಂದ, ನಿನ್ನಪ್ಪ ತೀರಿಕೊಂಡ ಸಾವಿರನೆಯ ದಿನದ ಊಟಕ್ಕೆ ನೀನು ಏನು ಮಾಡಿದೆ ಎಂದು ನಿನಗೆ ಗೊತ್ತಿದೆಯೇ? ಗೊತ್ತಿಲ್ಲ. ಗೊತ್ತಿದ್ದರೆ ಆ ಊಟದ ವ್ಯಾನಿನವರು ಕಳಿಸಿದ ಫೋಟೋ ನೋಡಿ ಆ ಕೆಂಪು ಹೃದಯದ ಚಿತ್ರಗಳನ್ನು ಸಾಲಾಗಿ ಕಳಿಸುತ್ತಿರಲಿಲ್ಲ. "ಸ್ವಲ್ಪ ಸಹಾಯ ಕಳಿಸ್ತೀನಮ್ಮ, ನೀನು ದಣೀಬೇಡ" ಎಂದೆ. ನಾನು ಸಹಾಯವೆಂದರೆ ಸಕ್ಕರೆ ಮೂಟೆಯೋ ಎಣ್ಣೆಯ ಡಬ್ಬಿಯೋ ಬರಬಹುದು ಎಂದುಕೊಂಡೆ. ವಾಡಿಕೆಯಂತೆ ನಾನೇ ಊರುಗೋಲು ಹಿಡಿದು ಮನೆ ಮನೆಗೆ ಹೋಗಿ ಬಾಯಿ ಬಿಟ್ಟು ಕೇಳಿ ಬಂದಿದ್ದೆ. "ನಮ್ಮ ಮನೆಯವರ ಸಾವಿರದ ದಿನ. ನಿಮ್ಮ ಕೈ ಬೇಕು, ಬಂದು ನಡೆಸಿಕೊಡಿ" ಎಂದು ಒಬ್ಬೊಬ್ಬರಿಗೂ ಹೇಳಿದ್ದೆ. ಎಲ್ಲರಿಗಿಂತ ಮೊದಲು ಪಕ್ಕದ ಮನೆಗೆ, ಪೊನಿರಾ ಅಕ್ಕನಿಗೆ. ಅವಳು ಕೂತಲ್ಲಿಂದಲೇ, "ಕೇಳೋಕೆ ಬೇರೆ ಬರ್ಬೇಕೇನೇ? ಪಾತ್ರೆ ಆಗ್ಲೇ ಹುಣಸೆಹಣ್ಣು ಹಚ್ಚಿ ಬೆಳಗಿಟ್ಟಿದ್ದೀನಿ" ಎಂದು ಬೈದೇ ಕಳಿಸಿದ್ದಳು.

ಆ ಪಾತ್ರೆ ನಿನಗೆ ಗೊತ್ತಲ್ಲ, ಅವಳ ತಾಮ್ರದ ಹಬೆಪಾತ್ರೆ. ಈ ಕೇರಿಯಲ್ಲಿ ಮದುವೆಯಾಗಲಿ, ಸಾವಾಗಲಿ, ಮಗುವಿನ ಕೂದಲು ತೆಗೆಸುವುದಾಗಲಿ, ಅನ್ನದ ಒಲೆ ಪೊನಿರಾಳದು. ಮಸಾಲೆ ಅರೆಯುವ ಕಲ್ಲು ನನ್ನದು. ತೆಂಗಿನಕಾಯಿ ತುರಿಯುವುದು ಗಿಯೆಮ್. ಯಾರು ಹಾಗೆಂದು ಹಂಚಿಕೊಟ್ಟರೋ ಯಾರಿಗೂ ನೆನಪಿಲ್ಲ, ನಡೆದುಕೊಂಡು ಬಂದಿದೆ. ನಾವು ಇದಕ್ಕೆ ರೇವಾಂಗ್ ಎನ್ನುತ್ತೇವೆ, ನೀನು ಹುಟ್ಟಿದಾಗಿನಿಂದ ನೋಡಿದ್ದೀ. ಅವರವರ ಚಾಕು ಅವರವರೇ ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಾರೆ, ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಎರಡು ದಿನ ಊರಿನವರನ್ನೆಲ್ಲ ಆಡಿಕೊಂಡು ನಗುತ್ತಾರೆ, ಯಾರ ಮನೆಯ ಕಷ್ಟ ಏನೆಂದು ಅಲ್ಲೇ ತಿಳಿಯುತ್ತದೆ, ಅಲ್ಲೇ ಅದಕ್ಕೊಂದು ದಾರಿಯೂ ಆಗುತ್ತದೆ. ನಿನ್ನನ್ನು ತೈವಾನಿಗೆ ಕಳಿಸಲು ನನಗೆ ಧೈರ್ಯ ಬಂದದ್ದು ಎಲ್ಲಿ? ಗಿಯೆಮಳ ಮಗನ ಮದುವೆಯಲ್ಲಿ, ಈರುಳ್ಳಿ ರಾಶಿಯ ಮುಂದೆ ಕೂತಾಗ. "ಕಳ್ಸು ಕಣೆ, ನಿನ್ನನ್ನ ನೋಡ್ಕೊಳ್ಳೋಕೆ ನಾವಿಲ್ವಾ" ಎಂದವಳು ಪೊನಿರಾ. ಅದನ್ನು ಮರೆತೆಯಾ?

ಊಟದ ದಿನ ಬೆಳಗ್ಗೆ ಹೆಂಗಸರು ಬರುವ ಹೊತ್ತಿಗೆ ಸರಿಯಾಗಿ ನಿನ್ನ ವ್ಯಾನು ಬಂತು. ಪೇಟೆಯಿಂದ ಬಂದ ವ್ಯಾನು, ಮೈಮೇಲೆಲ್ಲ ಊಟದ ಚಿತ್ರ. ಒಂದೇ ಬಣ್ಣದ ಅಂಗಿ ಹಾಕಿದವರು ಧಡಧಡನೆ ಇಳಿದು ಅಂಗಳದ ತುಂಬ ಕುರ್ಚಿ ಹರವಿದರು. ಕುರ್ಚಿಗೆ ಬಟ್ಟೆ, ಬಟ್ಟೆಗೆ ಹಿಂದುಗಡೆ ಗಂಟು. ಸತ್ತವನ ಹೆಸರಿನ ಊಟಕ್ಕೆ ಕುರ್ಚಿಗಳಿಗೆ ಸಿಂಗಾರ! ಅಡುಗೆಮನೆಗೆ ನುಗ್ಗಿ ನನ್ನ ಒಲೆಯ ಮೇಲೆ ಹಲಗೆ ಹಾಕಿ, ಅದರ ಮೇಲೆ ಊಟದ ಪೆಟ್ಟಿಗೆಗಳನ್ನು ಮಾಡಿನವರೆಗೆ ಪೇರಿಸಿದರು. ನಾನು ಏನು, ಯಾಕೆ ಎಂದು ಕೇಳುವುದರೊಳಗೆ ಅವರ ಮೇಸ್ತ್ರಿ ಫೋನು ನನ್ನ ಮುಖಕ್ಕೆ ಹಿಡಿದು, "ನಿಮ್ಮ ಮಗಳು ಎಲ್ಲಾ ಹೇಳಿದ್ದಾರಮ್ಮ, ನೀವು ಆರಾಮಾಗಿ ಕೂತ್ಕೊಳ್ಳಿ, ಒಂದು ಫೋಟೋ" ಎಂದ. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ ಎಂದು ನೀನು ತಿಳಿದಿದ್ದರೆ ಇನ್ನೊಮ್ಮೆ ತೆರೆದು ನೋಡು.

ಅಷ್ಟರಲ್ಲಿ ಅವರು ಬಂದೇಬಿಟ್ಟರು. ಗಿಯೆಮ್ ಮುಂದೆ, ತುರಿಮಣೆ ಕಂಕುಳಲ್ಲಿ. ಹಿಂದೆ ಉಳಿದವರು. ಎಲ್ಲರಿಗಿಂತ ಹಿಂದೆ ಪೊನಿರಾ, ಸೊಂಟದ ಮೇಲೆ ಹಬೆಪಾತ್ರೆ. ಹಿಂದಿನ ದಿನ ಅವಳು ಉಪವಾಸವಿದ್ದಳು. ಅನ್ನ ಎಲ್ಲೂ ಅರೆಬೇಯದೆ ಹಸನಾಗಿ ಬೆಂದು ಬರಲಿ ಎಂದು ಯಾವ ದೊಡ್ಡ ಕೆಲಸಕ್ಕೂ ಮೊದಲು ಅವಳು ಹಾಗೆ ಇರುತ್ತಾಳೆ. ಅಂಗಿಯವರು ಅವರನ್ನು ಬಾಗಿಲಲ್ಲೇ ತಡೆದು, ಬಹಳ ಮರ್ಯಾದೆಯಿಂದ, ಕೈಮುಗಿದು, "ಅಮ್ಮಂದಿರೇ, ನೀವು ಅತಿಥಿಗಳು, ಬನ್ನಿ, ಕೂತ್ಕೊಳ್ಳಿ" ಎಂದು ಒಬ್ಬೊಬ್ಬರನ್ನೂ ಕರೆದೊಯ್ದು ಆ ಗಂಟು ಕಟ್ಟಿದ ಕುರ್ಚಿಗಳಲ್ಲಿ ಕೂರಿಸಿದರು. ಗಿಯೆಮ್ ಮೊದಮೊದಲು ತಮಾಷೆ ಮಾಡಿದಳು. "ಚಾಕು ತಂದಿದ್ದೀವಲ್ಲ, ಈಗ ಯಾರನ್ನ ಹೆಚ್ಚೋದು?" ಎಂದಳು. ಯಾರೂ ನಗಲಿಲ್ಲ. ಹೆಂಗಸರೆಲ್ಲ ತೊಡೆಯ ಮೇಲೆ ಚಾಕು ಇಟ್ಟುಕೊಂಡು ಸಾಲಾಗಿ, ಬಸ್ಸು ಕಾಯುವವರ ಹಾಗೆ ಕೂತರು. ಪೊನಿರಾ ಪಾತ್ರೆಯನ್ನು ಕೆಳಗಿಡಲೋ ಬೇಡವೋ ಎಂದು ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡಳು. ನಾನು ಅವಳ ಹತ್ತಿರ ಹೋಗಿ ಬಾಯಿಗೆ ಬಂದದ್ದು ಹೇಳಿದೆ: "ಕೂತಿರು ಅಕ್ಕ, ಮಗಳು ಕಳಿಸಿದ್ದಾಳೆ, ಇವತ್ತು ನೀನೂ ದಣೀಬೇಡ." ನೀನು ನನಗೆ ಹೇಳಿದ್ದ ಮಾತನ್ನೇ ನಾನು ಅವಳಿಗೆ ಹೇಳಿದೆ. ಅವಳು ನನ್ನ ಮುಖ ನೋಡಿದಳು.

ಪ್ರಾರ್ಥನೆ ನಡೆಸಲು ಬಂದ ಮೊದಿನ್ ತಾತ ಚಾಪೆಯ ಮೇಲೆ ಕೂತು ಕಣ್ಣಾಡಿಸಿ, "ಆಪೆಮ್ ಎಲ್ಲಮ್ಮಾ?" ಎಂದು ಕೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಕ್ಕಿಹಿಟ್ಟಿನ ದೋಸೆಯಂಥ ಆ ಆಪೆಮ್ ಇಲ್ಲದೆ ಯಾವ ಸತ್ತವನಿಗೆ ಊಟ ಹಾಕಿದ್ದಾರೆ ಈ ಊರಿನಲ್ಲಿ? ಹೆಂಗಸರು ಬಂದ ಮೇಲೆ ಹುಯ್ಯೋಣವೆಂದು ಹಿಟ್ಟು ನೆನೆಸಿಟ್ಟಿದ್ದೆ, ಅದು ಹಲಗೆಯ ಕೆಳಗೆ, ಒಲೆಯ ಪಕ್ಕ ಹುಳಿಬರುತ್ತ ಕೂತಿತ್ತು. ವ್ಯಾನಿನವರ ಪೆಟ್ಟಿಗೆಯಲ್ಲಿ ಕೋಳಿಯ ಕಾಲು, ಚಾಕೊಲೇಟು ತುಂಬಿದ ಬನ್ನು, ಬಾಯಿಗೆ ಪ್ಲಾಸ್ಟಿಕ್ ಅಂಟಿಸಿದ ನೀರಿನ ಲೋಟ. ನಿನ್ನಪ್ಪ ಬದುಕಿದ್ದಾಗ ಅಂಚು ಕರಿದಾದ ಆಪೆಮ್ ಎಂದರೆ ಪ್ರಾಣ ಬಿಡುತ್ತಿದ್ದರು. ಪೊನಿರಾ ಯಾರ ಮನೆಯ ಕೆಲಸಕ್ಕೆ ಹೋದರೂ ಒಂದನ್ನು ಬೇಕೆಂದೇ ಸೀಯಿಸಿ ಬಾಳೆಲೆಯಲ್ಲಿ ಸುತ್ತಿ "ಸಾಕಿರನಿಗೆ" ಎಂದು ತಂದುಕೊಡುತ್ತಿದ್ದಳು. ಅವರ ಸಾವಿರನೆಯ ದಿನ ಅವರ ಪಾಲಿಗೆ ಚಾಕೊಲೇಟು ಬನ್ನು. ಮೊದಿನ್ ತಾತ ಪ್ರಾರ್ಥನೆ ಶುರು ಮಾಡಿದರು. ನಾನು ತಲೆಯೆತ್ತಿ ನೋಡುವಾಗ ಪೊನಿರಾಳ ಕುರ್ಚಿ ಖಾಲಿಯಿತ್ತು.

ನೀನು ಕೇಳಬಹುದು, ಇಷ್ಟಕ್ಕೇ ಇಷ್ಟು ಸಿಟ್ಟೇ ಎಂದು. ಕೇಳು, ಇನ್ನೂ ಇದೆ. ನಮ್ಮ ಎರಡು ಮನೆಯ ಬೇಲಿಯ ಮೇಲೆ ಬಟ್ಟಲು ಓಡಾಡದ ದಿನ ನೀನು ಕಂಡಿದ್ದೀಯಾ? ಅವಳ ಮನೆಯ ಹಲಸಿನಕಾಯಿ ಪಲ್ಯ ಇತ್ತ, ನಮ್ಮ ಮನೆಯ ಸೊಪ್ಪಿನ ಸಾರು ಅತ್ತ. ಏನೂ ಇಲ್ಲದ ದಿನ ಬಟ್ಟಲಿನಲ್ಲಿ ನಾಲ್ಕು ಹಸಿಮೆಣಸಿನಕಾಯಿಯಾದರೂ ಹಾಕಿ ವಾಪಸ್ಸು ಕೊಡುವುದು. ಆ ಊಟವಾದ ಮಾರನೆಯ ದಿನ ನಾನು ಬಟ್ಟಲಿನಲ್ಲಿ ಬಾಳೆಹಣ್ಣಿನ ಪಾಯಸ ಕಳಿಸಿದೆ. ಬಟ್ಟಲು ವಾಪಸ್ಸು ಬಂತು. ಚೆನ್ನಾಗಿ ತೊಳೆದು, ಬಟ್ಟೆಯಿಂದ ಒರೆಸಿ, ಖಾಲಿ. ಖಾಲಿ ಬಟ್ಟಲು ನೋಡಿ ನನಗೆ ಮುಖಕ್ಕೆ ಹೊಡೆದಂತಾಯಿತು. ಅದರ ಮೇಲೆ ಬಾವಿಕಟ್ಟೆಯಲ್ಲಿ ಸಿಕ್ಕಾಗ ಆ ಮಹಾತಾಯಿ ಏನು ಹೇಳಿದಳು ಗೊತ್ತೇ? "ಪಾಯಸ ತುಂಬಾ ಚೆನ್ನಾಗಿತ್ತು. ನೀವು ಯಾಕೆ ತೊಂದರೆ ತಗೊಂಡ್ರಿ?" ನೀವು! ನಾನು ಮದುವೆಯಾಗಿ ಈ ಊರಿಗೆ ಕಾಲಿಟ್ಟ ದಿನದಿಂದ ನನ್ನನ್ನು ಲೇ, ಹೋಗೇ, ಬಾರೇ ಎಂದವಳು. ಕೆಟ್ಟ ಮಾತು ಆಡಿದ್ದರೆ ನಾನೂ ಎರಡು ಆಡಿ ಹಗುರಾಗುತ್ತಿದ್ದೆ. ಇಷ್ಟು ಮರ್ಯಾದೆ ಕೊಟ್ಟವಳ ಜೊತೆ ಜಗಳವಾಡುವುದು ಹೇಗೆ? ಮನೆಗೆ ಬಂದು ಕೊಡವನ್ನು ಎತ್ತಿ ಕುಕ್ಕಿದೆ, ಕೊಡ ನೆಗ್ಗಿತು.

ನನಗೆ ಅವಳ ಮೇಲೂ ಸಿಟ್ಟು ಬಂತು ಎಂದು ಬೇರೆ ಹೇಳಬೇಕಾಗಿಲ್ಲ. ಏನಂಥ ಮಹಾ ಅಪರಾಧ ಆಗಿಹೋಯಿತು? ದೂರದೂರಿನಲ್ಲಿ ಪರರ ಮನೆಯ ಮುದುಕಿಯ ಉಚ್ಚೆ ಬಳಿದು ದುಡಿಯುವ ಮಗಳು, ತಾಯಿಯ ಮಂಡಿ ನೆನೆದು ಊಟ ತರಿಸಿದಳು, ಅಷ್ಟೇ ತಾನೇ? ನನ್ನ ಮಗಳನ್ನು ನಾನು ಬೈಯಬಹುದು, ಇವಳು ಯಾರು ಮುಖ ತಿರುಗಿಸಲು? ಹೀಗೆಂದುಕೊಂಡು ನಾನೂ ಬೇಲಿಯ ಕಡೆ ನೋಡುವುದು ಬಿಟ್ಟೆ. ಆದರೆ ಗೆಂಡುಕ್, ಸಿಟ್ಟು ಮಾಡಿಕೊಂಡು ಕೂರಲು ನನಗೆ ಮಂಡಿ ಇಲ್ಲ. ಬಾವಿಯ ನೀರು ಸೇದಿ ನನ್ನ ತೊಟ್ಟಿಗೆ ಹಾಕುತ್ತಿದ್ದವಳು ಅವಳು. ಬೆಳಗ್ಗೆ ನನ್ನ ಕಿಟಕಿ ತೆರೆಯದಿದ್ದರೆ "ಸತ್ತೆಯೇನೇ?" ಎಂದು ಕೂಗುತ್ತಿದ್ದವಳು ಅವಳು. ಈಗ ಕಿಟಕಿ ಯಾವಾಗ ತೆರೆದರೂ ಕೇಳುವವರಿಲ್ಲ. ಹೋದ ತಿಂಗಳು, ಮೂವತ್ತೈದು ದಿನಕ್ಕೊಮ್ಮೆ ತಿರುಗಿ ಬರುವ ನಿನ್ನ ಹುಟ್ಟಿದ ವಾರ, ಭಾನುವಾರ ವಾಗೆ, ಬಂದಾಗ ಎಂದಿನಂತೆ ನಿನ್ನ ಹೆಸರಿನ ಅನ್ನ ಮಾಡಿ ಮಕ್ಕಳನ್ನು ಕರೆಯೋಣವೆಂದು ನಾನೊಬ್ಬಳೇ ಒಲೆ ಹಚ್ಚಿದೆ. ಕೆಳಗೆ ಕೂರಲಾಗದೆ ನಿಂತೇ ಬಗ್ಗಿ ಬಗ್ಗಿ ಊದಿದೆ. ಅನ್ನ ಅರೆಬೆಂದಿತು. ಮಕ್ಕಳು ಪಾಪ, ಮಾತಾಡದೆ ತಿಂದವು. ಮಗಳ ಹೆಸರಿನ ಅನ್ನ ಬೇಯಲಿಲ್ಲವಲ್ಲ, ಅಲ್ಲಿ ಅವಳಿಗೆ ಏನಾಗುತ್ತದೆಯೋ ಎಂದು ನನಗೆ ಆವತ್ತೆಲ್ಲ ಕೈಕಾಲು ಆಡಲಿಲ್ಲ. ಅದೇ ವಾರ ತಾನೇ ನೀನು ಫೋನು ಮಾಡಿ ಅತ್ತದ್ದು?

ಇನ್ನು ನಿಜವಾದ ಪೆಟ್ಟಿನ ವಿಷಯ ಬರೆಯುತ್ತೇನೆ. ಪೊನಿರಾಳ ಮೊಮ್ಮಗಳು ವಿವಿತ್‌ಗೆ ಮದುವೆ. ಸೂರೊ ತಿಂಗಳು ಹುಟ್ಟಿದರೆ ಮದುವೆ ಮಾಡುವಂತಿಲ್ಲವಲ್ಲ, ಅದಕ್ಕೇ ಬರುವ ಗುರುವಾರವೇ ಇಟ್ಟುಕೊಂಡಿದ್ದಾರೆ. ವಿವಿತ್ ಯಾರು? ನಿನ್ನ ಹುಟ್ಟುವಾರದ ಅನ್ನಕ್ಕೆ ತಟ್ಟೆ ಹಿಡಿದು ಎಲ್ಲರಿಗಿಂತ ಮೊದಲು ಓಡಿ ಬರುತ್ತಿದ್ದ ಆ ಸಿಂಬಳಮೂಗಿನ ಹುಡುಗಿ. ಅವಳ ಅಮ್ಮನ ಮದುವೆಗೆ ಮಸಾಲೆ ಅರೆದವಳು ನಾನು. ಅವಳು ಹೊಟ್ಟೆಯಲ್ಲಿದ್ದಾಗ ಏಳನೇ ತಿಂಗಳ ಶಾಸ್ತ್ರಕ್ಕೆ ಅರೆದವಳು ನಾನು. ಈಗ ನೋಡು, ಪೊನಿರಾ ಒಳ್ಳೆಯ ಬಾತಿಕ್ ಉಟ್ಟು, ಗಿಯೆಮಳನ್ನು ಜೊತೆಗೆ ಕಟ್ಟಿಕೊಂಡು ಅಡುಗೆ ಕೆಲಸಕ್ಕೆ ಕೈ ಕೇಳಲು ಹೊರಟಳು. ನಾನು ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದೆ. ಆಚೆ ಮನೆಗೆ ಹೋದಳು. ಈಚೆ ಮನೆಗೆ ಹೋದಳು. ಎದುರು ಮನೆಯ, ನಿನ್ನೆ ಮೊನ್ನೆ ಬಂದ, ಉಪ್ಪು ಯಾವುದು ಸಕ್ಕರೆ ಯಾವುದು ತಿಳಿಯದ ಸೊಸೆಯ ಹತ್ತಿರ ಹೋಗಿ ನಿಂತು ಕೇಳಿದಳು. ನಾನು ಉಟ್ಟ ಬಟ್ಟೆ ಸರಿಮಾಡಿಕೊಂಡು, ಚಹಾಕ್ಕೆ ನೀರಿಟ್ಟು ಕಾದೆ. ನೀರು ಕುದಿದು ಕುದಿದು ಇಂಗಿತು. ಅವಳು ನಮ್ಮ ಮನೆ ದಾಟಿ ಹೋಗಿದ್ದಳು.

ಮಾರನೆಯ ದಿನ ಕಾರ್ಡು ಬಂತು. ಅಚ್ಚು ಹಾಕಿಸಿದ ಕಾರ್ಡು, ಪ್ಲಾಸ್ಟಿಕ್ ಚೀಲದೊಳಗೆ, ಮೇಲೆ ಚಿನ್ನದ ಬಣ್ಣದ ಹೂವು. "ಶ್ರೀಮತಿ ವಾರ್ಸಿನಿ ಮತ್ತು ಕುಟುಂಬ." ಪೇಟೆಯಲ್ಲಿರುವ ದೂರದ ನೆಂಟರಿಗೆ, ಶಾಲೆಯ ಹೆಡ್‌ಮಾಸ್ಟರಿಗೆ, ಅಕ್ಕಿ ಗಿರಣಿಯ ಮಾಲೀಕನಿಗೆ ಕೊಡುವ ಕಾರ್ಡು. ಕೆಲಸಕ್ಕೆ ಬೇಕಾದವರನ್ನು ಬಾಯಿಂದ ಕೇಳುತ್ತಾರೆ, ಕುರ್ಚಿಯ ಮೇಲೆ ಕೂರಬೇಕಾದವರಿಗೆ ಕಾರ್ಡು ಕೊಡುತ್ತಾರೆ. ಅವಳು ನನ್ನನ್ನು ಕುರ್ಚಿಯ ಮೇಲೆ ಕೂರಿಸಿದಳು, ನಿಂಗ್ರುಮ್. ನಾನು ಆ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ನಾನು ಯಾವ ಮನೆಯ ಹೆಡ್‌ಮಾಸ್ಟರು? ಮಸಾಲೆ ಯಾರು ಅರೆಯುತ್ತಾರಂತೆ? ವಿಚಾರಿಸಿದೆ, ಗಿಯೆಮ್ ಅರೆಯುತ್ತಾಳಂತೆ! ಅವಳು ಅರೆದ ಮಸಾಲೆ ಹಲ್ಲಿಗೆ ಸಿಗುತ್ತದೆ. ಗಂಡಿನ ಕಡೆಯವರ ಮುಂದೆ ಈ ಕೇರಿಯ ಮಾನ ಹೋಗುತ್ತದೆ.

ಹೋಗುವುದೇ ಬೇಡ, ಬಾಗಿಲು ಹಾಕಿಕೊಂಡು ಕೂರುತ್ತೇನೆ ಎಂದುಕೊಂಡೆ. ಆಮೇಲೆ, ಹೋಗಿ ಕುರ್ಚಿಯಲ್ಲಿ ಕೂತು, ಕೋಳಿಯ ಕಾಲು ತಿಂದು, ಉಡುಗೊರೆಯ ಲಕೋಟೆ ಪೆಟ್ಟಿಗೆಯೊಳಗೆ ಹಾಕಿ, ಎಲ್ಲರಿಗೂ ನೀವು ನೀವು ಎಂದು ಬರುತ್ತೇನೆ ಎಂದುಕೊಂಡೆ. ಎರಡೂ ಯೋಚನೆ ಮಾಡಿ ಮಾಡಿ ತಲೆ ಕೆಟ್ಟುಹೋಯಿತು. ಅಷ್ಟರಲ್ಲಿ ಮತ್ತೆ ನಿನ್ನ ಭಾನುವಾರ ವಾಗೆ ಬಂತು, ಮೊನ್ನೆ. ಶನಿವಾರ ಮಧ್ಯಾಹ್ನ ಅಕ್ಕಿ ಅಳೆಯುತ್ತ ನಿಂತಿದ್ದೆ. ಮಗಳ ಅನ್ನ ಇನ್ನೊಂದು ಸಲ ಅರೆಬೆಂದರೆ ನಾನು ತಡೆದುಕೊಳ್ಳಲಾರೆ ಎನ್ನಿಸಿತು. ನಿನ್ನ ಮೇಲಿನ ಸಿಟ್ಟು, ಅವಳ ಮೇಲಿನ ಸಿಟ್ಟು, ನನ್ನ ಮಂಡಿಯ ಮೇಲಿನ ಸಿಟ್ಟು, ಎಲ್ಲವನ್ನೂ ಕಟ್ಟಿಕೊಂಡು ಊರುಗೋಲು ಕುಟ್ಟುತ್ತ ಬೇಲಿ ಸುತ್ತಿ ಅವಳ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಮದುವೆಯ ಅಕ್ಕಿ ಕೇರುತ್ತ ಕೂತಿದ್ದಳು. ಗಿಯೆಮ್ ಪಕ್ಕದಲ್ಲಿದ್ದಳು. "ಬನ್ನಿ, ಕೂತ್ಕೊಳ್ಳಿ" ಎಂದು ಎದ್ದು ಕುರ್ಚಿ ಎಳೆದಳು. ನಾನು ಆ ಕುರ್ಚಿಯನ್ನು ಊರುಗೋಲಿನಿಂದ ಆಚೆ ತಳ್ಳಿದೆ.

"ಕೂರೋಕೆ ಬಂದಿಲ್ಲ, ಕೇಳೋಕೆ ಬಂದಿದ್ದೀನಿ" ಎಂದೆ. "ಒಲೆ ಮುಂದೆ ಕೂರೋಕೆ ನನ್ನ ಕೈಲಾಗಲ್ಲ. ನಾಳೆ ನನ್ನ ಮಗಳ ಹುಟ್ಟಿದ ವಾರ. ಅನ್ನ ಬೇಯಿಸಿಕೊಡು."

ಪೊನಿರಾ ಮೊರ ಕೆಳಗಿಡಲಿಲ್ಲ. ಅಕ್ಕಿಯಲ್ಲಿ ಕಣ್ಣಿಟ್ಟೇ ಕೇಳಿದಳು: "ಯಾಕೆ, ನಾಳೆ ವ್ಯಾನು ಬರಲ್ವಾ?"

ನನಗೆ ರೇಗಿಹೋಯಿತು. "ನಿಂಗ್ರುಮ್ ಹುಟ್ಟಿದಾಗ ನನ್ನ ಮನೇಲಿ ಒಲೆ ಹಚ್ಚಿದ್ದು ಯಾರು? ವ್ಯಾನಾ? ಅವಳಪ್ಪ ಸತ್ತ ದಿನ ನನ್ನ ಬಾಯಿಗೆ ತುತ್ತು ಹಾಕಿದ್ದು ಯಾರು? ವ್ಯಾನಾ? ಬರೋ ಹಾಗಿದ್ರೆ ಬಾ, ಇಲ್ಲ ಅಂದ್ರೆ ಇಲ್ಲ ಅನ್ನು. ಆ ನೀವು ನೀವು ಅನ್ನೋದು ಮಾತ್ರ ನನ್ನ ಹತ್ರ ಬೇಡ, ಮೈ ಉರಿಯತ್ತೆ" ಎಂದು ಹೇಳಿ, ಉತ್ತರಕ್ಕೂ ಕಾಯದೆ ತಿರುಗಿ ಬಂದುಬಿಟ್ಟೆ. ಮನೆಗೆ ಬಂದು ಅಳೆದಿಟ್ಟ ಅಕ್ಕಿಯನ್ನೇ ಮತ್ತೆ ಅಳೆದೆ. ಮೊದಲೇ ಬಿರುಕು ಬಿಟ್ಟಿದ್ದ ನಂಟನ್ನು ಈಗ ನಾನೇ ಪೂರ್ತಿ ಮುರಿದು ಬಂದೆನೇನೋ ಎಂದುಕೊಂಡೆ.

ಭಾನುವಾರ ಬೆಳಗ್ಗೆ ಕಿಟಕಿ ತೆರೆಯುವ ಮೊದಲೇ ಹಿತ್ತಲ ಬಾಗಿಲಲ್ಲಿ ದಡದಡ ಸದ್ದಾಯಿತು. "ಸತ್ತೆಯೇನೇ? ಬಾಗಿಲು ತೆಗಿ" ಎಂದು ಅವಳ ದನಿ. ಸೊಂಟದ ಮೇಲೆ ಹಬೆಪಾತ್ರೆ. ಒಳಗೆ ಬಂದವಳು ಒಂದು ಸಮಾಧಾನದ ಮಾತಾಡಲಿಲ್ಲ, ನಾನೂ ಆಡಲಿಲ್ಲ. ನನ್ನ ಅಕ್ಕಿ ನೋಡಿ ಇದು ಅಕ್ಕಿಯೋ ನುಚ್ಚೋ ಎಂದಳು. ಸೌದೆ ಹಸಿ ಎಂದಳು. ಒಲೆಯ ಬೂದಿ ತೆಗೆದು ಎಷ್ಟು ಕಾಲವಾಯಿತು, ಹೆಂಗಸಿನ ಮನೆಯೋ ಇದು ಎಂದಳು. ನಾನು ಕುರ್ಚಿಯ ಮೇಲೆ ಕೂತು ಮೇಜಿನ ಮೇಲೆ ತೆಂಗಿನತುರಿಗೆ ಮಸಾಲೆ ಅರೆಯುತ್ತ ಒಂದಕ್ಕೆರಡು ಉತ್ತರ ಕೊಟ್ಟೆ. ಹೀಗೆ ಬೈದಾಡಿಕೊಂಡು ಅಡುಗೆ ಮಾಡುವಾಗ ನನ್ನ ಎದೆಯ ಮೇಲಿನ ಕಲ್ಲು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಅನ್ನ ಹಬೆಯೇರಿದ ಮೇಲೆ ಅವಳು ಒಲೆಯ ಮುಂದೆ ಕೂತು ಸೌದೆ ಒಳಕ್ಕೆ ತಳ್ಳಿದಳು.

"ಆವತ್ತು ನನಗೆ ಊಟಕ್ಕೆ ಸಿಟ್ಟು ಬರಲಿಲ್ಲ ಕಣೆ" ಎಂದಳು. "ಕುರ್ಚಿ ಮೇಲೆ ಕೂರಿಸಿದೆಯಲ್ಲ, ಈ ಕೈಗಳನ್ನ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ. ಸಾಕಿರನಿಗೆ ಅಂತ ಉಪವಾಸ ಇದ್ದು ಬಂದಿದ್ದೆ. ನಾನು ಇನ್ನು ಯಾರಿಗೂ ಬೇಡ, ಮುದುಕಿ ಆದೆ ಅನ್ನಿಸ್ತು."

ನನಗೂ ಕಾರ್ಡು ಬಂದ ದಿನ ಅದೇ ಅನ್ನಿಸಿದ್ದು. ಅರೆಯುವ ಗುಂಡನ್ನು ಇನ್ನಷ್ಟು ಜೋರಾಗಿ ಒತ್ತಿದೆ. ಅವಳು ಕಣ್ಣು ಒರೆಸಿಕೊಂಡು, ಹೊಗೆ ಎಂದು ಬೈದು, "ಆ ಕಾರ್ಡು ಎಲ್ಲಿಟ್ಟಿದ್ದೀಯೇ? ತಾ ಇಲ್ಲಿ" ಎಂದು ಕೈ ಚಾಚಿದಳು. ಕನ್ನಡಿಯ ಹಿಂದೆ ಸಿಕ್ಕಿಸಿದ್ದೆ, ತಂದುಕೊಟ್ಟೆ. ಪ್ಲಾಸ್ಟಿಕ್ ಚೀಲ ಹರಿದು ಆಚೆಗೆಸೆದು, ಆ ಚಿನ್ನದ ಹೂವಿನ ಕಾರ್ಡಿನಿಂದ ಒಲೆಗೆ ನಾಲ್ಕು ಸಲ ಗಾಳಿ ಹಾಕಿ, ಆಮೇಲೆ ಅದನ್ನೂ ಒಲೆಯೊಳಕ್ಕೆ ತುರುಕಿದಳು. "ಮಂಗಳವಾರ ಬೆಳಗ್ಗೆ ಚಾಕು ಹಿಡ್ಕೊಂಡು ಬಾ. ಕೆಳಗೆ ಕೂರಬೇಡ, ಎತ್ತರದ ಮಣೆ ಹೊಡೆಸಿದ್ದೀನಿ" ಎಂದಳು. ಹೊಡೆಸಿದ್ದೀನಿ ಎಂದಳು, ಹೊಡೆಸುತ್ತೀನಿ ಎನ್ನಲಿಲ್ಲ. ಹಾಗಾದರೆ ಕಾರ್ಡು ಯಾಕೆ ಕಳಿಸಿದೆ ಎಂದು ನಾನು ಕೂಗಾಡಿದೆ. "ನೀನು ಬಂದು ಜಗಳ ಆಡ್ತೀಯ ಅಂತ ಕಾದೆ. ಎಷ್ಟು ದಿನ ಬೇಕಾಯ್ತೇ ನಿನಗೆ?" ಎಂದಳು ಆ ಪಾಪಿ.

ನಿನ್ನ ಹೆಸರಿನ ಅನ್ನ ಈ ಸಲ ಮಲ್ಲಿಗೆಯ ಹಾಗೆ ಬೆಂದಿತ್ತು. ಮಕ್ಕಳು ತಟ್ಟೆ ನೆಕ್ಕಿ ಹೋದವು. ಹುಳಿಬಂದ ಹಿಟ್ಟೇನೂ ಇರಲಿಲ್ಲ, ಆದರೂ ಪೊನಿರಾ ಹೊಸದಾಗಿ ಕಲೆಸಿ ಆಪೆಮ್ ಹುಯ್ದು ಒಂದನ್ನು ಸೀಯಿಸಿದಳು. ಅದನ್ನು ನಾವಿಬ್ಬರೂ ನಿನ್ನಪ್ಪನ ಗೋರಿಯ ಹತ್ತಿರ ತೆಗೆದುಕೊಂಡು ಹೋದೆವು. ನಾನು ಅವಳ ಭುಜ ಹಿಡಿದು ನಡೆದೆ. ದಾರಿಯುದ್ದಕ್ಕೂ ನಾನು ಭಾರ ಎಂದು ಬೈಯುತ್ತಲೇ ಬಂದಳು.

ಇಷ್ಟೆಲ್ಲ ಆದರೂ ನಿನ್ನ ಮೇಲಿನ ನನ್ನ ಸಿಟ್ಟು ಇಳಿದಿಲ್ಲ, ತಿಳಿದುಕೋ. ನಿನ್ನ ಮನಸ್ಸು ಒಳ್ಳೆಯದೇ, ಅದಕ್ಕೇ ಸಿಟ್ಟು. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಬೈದು ಮರೆಯುತ್ತಿದ್ದೆ. ನಿನಗೆ ನನ್ನ ಮಂಡಿ ಕಂಡಿತು, ನನ್ನ ಸುತ್ತ ಇದ್ದ ಕೈಗಳು ಕಾಣಲಿಲ್ಲ. ಅವುಗಳನ್ನು ಸಾಕು ಹೋಗಿ ಎಂದು ಕಳಿಸಿಬಿಟ್ಟರೆ ನಾಳೆ ನಾನು ಬಾವಿಕಟ್ಟೆಯಲ್ಲಿ ಬಿದ್ದಾಗ ಎತ್ತಲು ವ್ಯಾನು ಬರುತ್ತದೆಯೇ? ಇನ್ನು ಮೇಲೆ ಏನೇ ಕಳಿಸುವುದಿದ್ದರೂ ಮೊದಲು ಪೊನಿರಾಳಿಗೆ ಫೋನು ಮಾಡಿ, "ಅತ್ತೆ, ಅಮ್ಮನಿಗೆ ಹೀಗೆ ಮಾಡಬೇಕು ಅಂತಿದ್ದೀನಿ, ನೀವು ನಡೆಸಿಕೊಡ್ತೀರಾ" ಎಂದು ಕೇಳು. ಕೇಳಿದರೆ ನಿನ್ನ ಬಾಯಿಯ ಮುತ್ತು ಉದುರುವುದಿಲ್ಲ. ಅವಳು ಬೈಯುತ್ತಾಳೆ. ಬೈಸಿಕೋ.

ಅಲ್ಲಾಹ ನಿನ್ನನ್ನು ಕಾಪಾಡಲಿ. ನಿನ್ನ ದುಡಿಮೆಗೆ ಬರಕತ್ತು ಬರಲಿ, ಕೆಮ್ಮು ಹತ್ತಿರ ಸುಳಿಯದಿರಲಿ. ಆಮಾಗೆ ಈ ಮುದುಕಿಯ ನಮಸ್ಕಾರ ಹೇಳು, ಅವಳಿಗೆ ಅರ್ಥವಾಗದಿದ್ದರೂ ಹೇಳು. ಗಿಯೆಮ್, ವಿವಿತ್ ನಿನ್ನನ್ನು ಕೇಳಿದ್ದಾರೆ. ಪೊನಿರಾ ಏನೂ ಕೇಳಿಲ್ಲ, ಒಂದು ಆಪೆಮ್ ಒಣಗಿಸಿ ಇದರ ಜೊತೆ ಕಳಿಸು ಎಂದು ಹಟ ಹಿಡಿದಿದ್ದಾಳೆ. ಅಂಚೆಯಲ್ಲಿ ಪುಡಿಯಾಗುತ್ತದೆ ಎಂದರೂ ಕೇಳುತ್ತಿಲ್ಲ.

ನಿನ್ನ ಅಮ್ಮ,
ವಾರ್ಸಿನಿ

ಮರೆತ ಮಾತು: ಗಿಯೆಮಳ ಮಗ ಪೇಟೆಗೆ ಹೊರಟು ನಿಂತಿದ್ದಾನೆ, ಲಕೋಟೆ ಅಂಟಿಸಬೇಕು, ಬೇಗ ಬರೆಯುತ್ತೇನೆ. ನಿನ್ನ ಆಮಾ ಪ್ರಾಯದಲ್ಲಿದ್ದಾಗ ಸಂತೆಯಲ್ಲಿ ತರಕಾರಿ ಮಾರುತ್ತಿದ್ದಳು ಎಂದು ನೀನೇ ಒಮ್ಮೆ ಹೇಳಿದ್ದೆ. ಇದನ್ನು ಓದಿದ ಮಾರನೆಯ ಬೆಳಗ್ಗೆ ಅವಳಿಗೆ ಉಣಿಸಲು ಹೋಗಬೇಡ. ಒಂದು ಬುಟ್ಟಿ ಬೆಳ್ಳುಳ್ಳಿ ತೆಗೆದುಕೊಂಡು ಹೋಗಿ ಅವಳ ತೊಡೆಯ ಮೇಲೆ ಇಡು. "ಅಮ್ಮಾ, ನನಗೆ ಇದು ಬರೋದಿಲ್ಲ, ಸುಲಿದುಕೊಡ್ತೀರಾ" ಎಂದು ಕೇಳು. ಸುಳ್ಳಾದರೂ ಪರವಾಗಿಲ್ಲ, ಕೇಳು. ಕೈ ನಡುಗಿದರೆ ನಡುಗಲಿ, ಅರ್ಧ ಚೆಲ್ಲಿದರೆ ಚೆಲ್ಲಲಿ, ನೀನು ಕೈ ಹಾಕಬೇಡ. ಬಟ್ಟಲು ಎಸೆಯುವುದು ನಿನ್ನ ಮೇಲಿನ ದ್ವೇಷಕ್ಕಲ್ಲ ಮಗಳೇ, ಆ ಕೈಗಳಿಗೆ ನೀನು ಬೇರೆ ಯಾವ ಕೆಲಸವನ್ನೂ ಬಿಟ್ಟಿಲ್ಲ.